ಅಪ್ಪನ ಫೋಟೋಕ್ಕೆ ಬಿದ್ದ ಮಾಲೆ

ನಮ್ಮ ಕಡೆ ಗೋಡೆಯ ಮೇಲಿನ ಫೋಟೋಕ್ಕೆ ಮಾಲೆ ಬಿತ್ತೆಂದರೆ ಆ ಮನುಷ್ಯ ಮಣ್ಣಾದ ಅಂತಲೇ ಅರ್ಥ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಬದುಕಿದ್ದಾಗ ಫೋಟೋ ತೆಗೆಸುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ, ಅದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರಂತೂ ಕೇಳುವುದೇ ಬೇಡ. ನಮ್ಮಪ್ಪ ಬೆಟಗೇರಿಯಲ್ಲಿ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಹಬ್ಬದ ಸೀರೆ ನೇಯುತ್ತ ಕೂತಿದ್ದ ಹೊತ್ತಿನಲ್ಲೇ, ಗದಗಿನ ಒಂದು ಸಾಲಿಯ ಸಭೆಯ ಹಾಲಿನಲ್ಲಿ ಅವನ ಫೋಟೋಕ್ಕೆ ಮಾಲೆ ಬಿತ್ತು. ಹಾಕಿದವರು ಸನ್ಮಾನ ಅಂತ ಹಾಕಿದರು. ನೋಡಿದವನು ನಮ್ಮ ಸೋದರಮಾವ.

ಅದು ಕನ್ನಡ ಆಡುವವರೆಲ್ಲ ಒಂದೇ ರಾಜ್ಯಕ್ಕೆ ಬಂದ ವರ್ಷ. ಅಲ್ಲಿಯ ತನಕ ನಾವು ಮುಂಬೈ ಸರ್ಕಾರದವರು. ಲಕ್ಷ್ಮೇಶ್ವರ, ಶಿರಹಟ್ಟಿಯ ನಮ್ಮ ಬೀಗರು ಸ್ವಾತಂತ್ರ್ಯ ಬರುವ ತನಕ ಸಂಸ್ಥಾನಿಕರ ಪ್ರಜೆಗಳು. ಅವ್ವನ ತವರು ಹಮ್ಮಿಗಿಯಲ್ಲಿ ಹೊಳೆಯ ಈಚೆ ದಂಡೆ ಒಂದು ಸರ್ಕಾರ, ಆಚೆ ದಂಡೆ ಇನ್ನೊಂದು. ಎಲ್ಲ ಕೂಡಿದ ದಿನವೂ ದೀಪಾವಳಿಯೂ ಒಂದರ ಬೆನ್ನಿಗೆ ಒಂದು ಬಂದವು. ಹಂಗಾಗಿ ಗದಗಿನ ಕೆಲವು ಉತ್ಸಾಹಿಗಳು ಸೇರಿ ಫೋಟೋ ಸ್ಪರ್ಧೆ ಇಟ್ಟರು. ವಿಷಯ ಬೆಳಕು. ಬರೀ ದೀಪದ ಚಿತ್ರ ತಂದರೆ ಆಗದು, ಬೆಳಕು ಮನುಷ್ಯನ ಎದೆಯನ್ನು ಹೇಗೆ ಮುಟ್ಟುತ್ತದೆ ಅನ್ನುವುದು ಕಾಣಬೇಕು ಅಂತ ಸಾರಿದ್ದರು.

ನಾನಾಗ ಬಿ.ಎ. ಮುಗಿಸಿ ಹೈಸ್ಕೂಲಿನಲ್ಲಿ ಮಾಸ್ತರಿಕೆಗೆ ಸೇರಿ ಸ್ವಲ್ಪ ದಿನವಾಗಿತ್ತು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವನು ನಾನೇ ಮೊದಲಿಗ, ನಮ್ಮ ಓಣಿಯಲ್ಲೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಎಂದೂ ಸಂಕೋಚವಾಗಿಲ್ಲ, ಯಾಕೆಂದರೆ ಅದು ಪುಕ್ಕಟೆ ಬಂದದ್ದಲ್ಲ. ನಮ್ಮದು ಮಣ್ಣಿನ ಮಾಳಿಗೆ ಮನೆ. ಕಿಡಕಿ ಇಲ್ಲ. ಮಗ್ಗದ ಮೇಲೆ, ಮಾಳಿಗೆಯಲ್ಲಿ, ಮೊರದಷ್ಟು ಅಗಲದ ಒಂದು ಬೆಳಕಿಂಡಿ. ಮುಂಜಾನೆ ಅದರಿಂದ ಇಳಿದ ಬಿಸಿಲು ಮೊದಲು ಮೂಲೆಯಲ್ಲಿದ್ದ ನನ್ನ ಪುಸ್ತಕದ ಮೇಲೆ ಬೀಳುತ್ತಿತ್ತು, ಆಮೇಲೆ ಸರಿದು ಸರಿದು ಮಗ್ಗಕ್ಕೆ ಹೋಗುತ್ತಿತ್ತು. ಬಿಸಿಲಿನ ಹಿಂದೆ ನಾನೂ ಸರಿಯುತ್ತಿದ್ದೆ. ಕುಣಿಯ ಅಂಚಿಗೆ ಬಂದು ಕೂತೆನೆಂದರೆ ಅಪ್ಪ ಲಾಳಿ ನಿಲ್ಲಿಸಿಬಿಡುತ್ತಿದ್ದ. ಲಾಳಿಯ ಸದ್ದಿಗೆ ಹುಡುಗರಿಗೆ ಓದು ತಲೆಗೆ ಹತ್ತುವುದಿಲ್ಲ ಅಂತ ಅವನಿಗೆ ಯಾರೋ ಹೇಳಿದ್ದರು.

"ಓದಲೇ, ಬಿಸಲು ಹೊಕ್ಕತಿ," ಅನ್ನುತ್ತಿದ್ದ. ಬಿಸಿಲು ಹೋದರೆ ಅವನ ಕೆಲಸವೂ ಹೋಗುತ್ತಿತ್ತು. ಆ ಮಾತು ಮಾತ್ರ ಆಡುತ್ತಿರಲಿಲ್ಲ.

ಸ್ಪರ್ಧೆಯ ಸುದ್ದಿ ಕೇಳಿದಾಗ ನನ್ನ ತಲೆಯಲ್ಲಿ ಬೇರೆ ಯಾವ ಬೆಳಕೂ ಬರಲಿಲ್ಲ. ಗದಗಿನ ಒಬ್ಬ ಫೋಟೋ ಸ್ಟುಡಿಯೋದವರ ಮಕ್ಕಳಿಗೆ ನಾನು ಸಂಜೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅವರ ಪೆಟ್ಟಿಗೆ ಕ್ಯಾಮೆರಾ ಕೇಳಿ ತಂದೆ. ಜೋಳದ ಚೀಲದ ಮೇಲೆ ಅದನ್ನಿಟ್ಟು ಬಿಸಿಲು ಮಗ್ಗಕ್ಕೆ ಬರುವುದನ್ನು ಕಾದೆ.

"ಫೋಟೋ ತಗಸಿದ್ರ ಆಯುಷ್ಯ ಕಮ್ಮಿ ಆಕ್ಕತಂತಲೇ," ಅಂದ ಅಪ್ಪ.

"ಯಾರು ಹೇಳಿದ್ರು?"

"ತಗಸದ ಇದ್ದವರು." ತಾನೇ ನಕ್ಕ. ಆಮೇಲೆ, "ಹೊತ್ತು ಆತೇನು?" ಅಂತ ಮುಖ ಎತ್ತಿ ಬೆಳಕಿಂಡಿ ನೋಡಿದ. ನಾನು ಗುಂಡಿ ಒತ್ತಿದೆ. ಹತ್ತಿಯ ಎಳೆಎಳೆ ಧೂಳು ಬಿಸಿಲಿನಲ್ಲಿ ನಿಂತಿತ್ತು. ಅವನ ಕೈ ನೂಲಿನ ಮೇಲೆ ನಿಂತಿತ್ತು. ಸ್ಟುಡಿಯೋದವರು ಅದನ್ನು ತೊಳೆದು ತೆಗೆದು ಬೆಳಕಿಗೆ ಹಿಡಿದು ನೋಡಿದರು. ಕಡೆಗೆ, "ಮಾಸ್ತರ, ಇದನ್ನ ಸಣ್ಣದು ಮಾಡಿ ಕೊಟ್ರ ಪಾಪ ಬರತೈತಿ," ಅಂದು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿದರು. ಅಷ್ಟು ದೊಡ್ಡ ಪ್ರತಿಗೆ ಅವರಲ್ಲಿದ್ದದ್ದು ತೀರಿಕೊಂಡವರ ಫೋಟೋಕ್ಕೆ ಹಾಕುವ ಕರಿ ಕಟ್ಟು ಮಾತ್ರ. ಅದನ್ನೇ ಹಾಕಿದರು.

ಆ ಹೊತ್ತಿಗೆ ಅವ್ವ ಹಮ್ಮಿಗಿಯಲ್ಲಿದ್ದಳು. ಅವಳ ತಮ್ಮನ, ಅಂದರೆ ಆ ಸೋದರಮಾವನ, ಮಗಳ ಬಾಣಂತನ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದರಲ್ಲಿ ಅವ್ವನದು ಎತ್ತಿದ ಕೈ ಅಂತ ಕರೆಸಿಕೊಂಡಿದ್ದರು.

ಬಹುಮಾನದ ದಿನ ನಾನು ನಮ್ಮ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ಮಧ್ಯಾಹ್ನದ ಸುಮಾರಿಗೆ ಒಬ್ಬ ಸ್ವಯಂಸೇವಕ ಓಡುತ್ತ ಬಂದು, ನಿಮ್ಮ ಫೋಟೋಕ್ಕೆ ಮೊದಲನೇ ಬಹುಮಾನ ಅಂದ. ನಾನು ಹೆಡ್ ಮಾಸ್ತರರಿಗೆ ಹೇಳಿ ಬೆಟಗೇರಿಗೆ ಓಡಿದೆ. ಅಪ್ಪನನ್ನು ಮಗ್ಗದಿಂದ ಎಬ್ಬಿಸಿ, ಹೆಗಲಿಗೆ ಶಲ್ಯ ಹಾಕಿಸಿ, ಕರೆದುಕೊಂಡು ಬಂದೆ.

ಪ್ರದರ್ಶನದ ಹಾಲಿನಲ್ಲಿ ಜನ ಕರಗಿತ್ತು. ಸಾಲಾಗಿ ಫೋಟೋಗಳು: ಮಾಗಡಿ ಕೆರೆಯ ಹಕ್ಕಿಗಳ ಮೇಲೆ ಬಿದ್ದ ಎಳೆಬಿಸಿಲು, ಯಾರದೋ ಮನೆಯ ಆಕಾಶಬುಟ್ಟಿ, ಕಂದೀಲು ಹಿಡಿದ ಮುದುಕ. ನಡುವೆ ನಮ್ಮಪ್ಪ. ಕರಿ ಕಟ್ಟಿನೊಳಗೆ, ಮುಖ ಮೇಲೆತ್ತಿ, ಕೊರಳಿಗೆ ದಪ್ಪ ಚೆಂಡುಹೂವಿನ ಮಾಲೆ ಹಾಕಿಕೊಂಡು. ಕೆಳಗೆ ಉದ್ಘಾಟನೆಯ ದೀಪದ ಸಮೆ ಉರಿಯುತ್ತಿತ್ತು. ಯಾರೋ ಊದಬತ್ತಿಯನ್ನೂ ಹಚ್ಚಿದ್ದರು. ಫೋಟೋ ತೆಗೆದವನು ಬಂದಿಲ್ಲ ಅಂತ ಗೊತ್ತಾಗಿ ಅಧ್ಯಕ್ಷರು, "ಈ ಮಾಲಿ ಈ ಬೆಳಕಿಗೇ ಸಲ್ಲಲಿ," ಅಂತ ತಮ್ಮ ಕೊರಳಿನದನ್ನು ತೆಗೆದು ಅದಕ್ಕೆ ಹಾಕಿದ್ದರಂತೆ. ಚಪ್ಪಾಳೆಯೂ ಬಿದ್ದಿತ್ತಂತೆ.

ಅಪ್ಪ ತನ್ನ ಮುಖವನ್ನೇ ನೋಡುತ್ತ ನಿಂತ. ಆಮೇಲೆ ಮಾಲೆ ನೋಡಿದ. "ಏನಲೇ, ನನ್ನ ಕಳಿಸೇ ಬಿಟ್ರಲ್ಲ!" ಅಂದ.

ಅಷ್ಟರಲ್ಲಿ ಎದುರಿನ ಚಹಾದಂಗಡಿಯವನು ಬಾಗಿಲಿಗೆ ಬಂದ. ನಮ್ಮಪ್ಪನನ್ನು ನೋಡಿ ಅವನ ಕೈಯಲ್ಲಿದ್ದ ಗ್ಲಾಸು ಅಲ್ಲೇ ನಿಂತಿತು.

"ಅಲ್ರೀ, ನೀವು... ಮುಂಜಾನಿ ಹಮ್ಮಿಗಿಯವರು ಬಂದಿದ್ರಲ್ರೀ. ಪ್ಯಾಟಿಗೆ ಶೇಂಗಾ ಹಾಕಾಕ ಬಂದವರು. ಒಳಗ ಬಂದು ಇದನ್ನ ನೋಡಿ, ಕೈ ಮುಗದು, ನನ್ನ ಬಾಂಕಿನ ಮ್ಯಾಲೆ ಕುಂತು ಹುಡುಗೂರು ಅತ್ತಂಗ ಅತ್ರು. 'ಮಣ್ಣು ಮಾಡಿ ಮುಗಿಸ್ಯಾರ, ನಮಗೊಂದು ಖಬರ ಕೊಡಲಿಲ್ಲ' ಅಂದ್ರು."

"ಮನೀಗೆ ಬರಲಿಲ್ಲಲ್ಲ ಮಾವ?" ಅಂದೆ ನಾನು.

"ನಾನೂ ಹೋಗ್ರಿ ಅಂದೆ. ನಮ್ಮದು ಬಾಣಂತಿ ಇದ್ದ ಮನಿ, ಸೂತಕದ ಮನೀ ಹೊಸ್ತಲಾ ತುಳದು ಹೋದ್ರ ಕೂಸಿಗೆ ತಗಲತೈತಿ ಅಂದ್ರು. ಹೊಳ್ಯಾಗ ಮುಳುಗಿ ಮನಿ ಸೇರತೀನಿ ಅಂತ ಮುಂಡರಗಿ ಬಸ್ಸು ಹಿಡದ್ರು."

ಮಾವನ ತರ್ಕ ನನಗೆ ಪೂರ್ತಿ ಕಂಡಿತು. ಅಷ್ಟು ದೊಡ್ಡ ಫೋಟೋ ಮಾಡಿಸಿ ಕಟ್ಟು ಹಾಕಿಸಲು ದಿನ ಹಿಡಿಯುತ್ತವೆ. ಅಂದರೆ ಅಪ್ಪ ಸತ್ತು ದಿನಗಳಾದವು. ಅಂದರೆ ಅವ್ವ ಅಷ್ಟು ದಿನದಿಂದ ಗೊತ್ತಿಲ್ಲದೆ ಬಳೆ, ಕುಂಕುಮ, ತಾಳಿ ಇಟ್ಟುಕೊಂಡೇ ಕೂಸನ್ನು ಎತ್ತಿ ಆಡಿಸಿದ್ದಾಳೆ. ಹೆಣ ಎದುರಿದ್ದರೆ ಬಳೆ ತೆಗೆಯುವುದಕ್ಕೆ ಒಂದು ಹೊತ್ತು, ಒಂದು ಕ್ರಮ. ಹೆಣವೇ ಇಲ್ಲದೆ ಸುದ್ದಿ ತಡವಾಗಿ ಬಂದರೆ ಹಾಗಲ್ಲ. ಗೊತ್ತಾದ ದಿನವೇ, ಮನೆಯಲ್ಲಿ ದೀಪ ಹಚ್ಚುವುದರೊಳಗೆ ತೆಗೆಯಬೇಕು. ಹಮ್ಮಿಗಿಯ ಆ ಮನೆಯಲ್ಲಿ ಅವ್ವನ ಸೋದರತ್ತೆ ಇದ್ದಳು. ಸಣ್ಣ ವಯಸ್ಸಿನಲ್ಲೇ ಬಳೆ ಕಳೆದುಕೊಂಡವಳು, ಶಾಸ್ತ್ರದಲ್ಲಿ ಒಂದು ಎಳೆ ತಪ್ಪಿಸುವವಳಲ್ಲ. ಒಮ್ಮೆ ಹೀಗೆ ಒಡೆದ ಕೈಗೆ ಮತ್ತೆ ಬಳೆ ಇಡಿಸಲು ಯಾವ ಬಳೆಗಾರನೂ ಒಪ್ಪುವುದಿಲ್ಲ. ಗಂಡ ಎದುರಿಗೆ ಬಂದು ನಿಂತರೂ, ಊರ ಬಾಯಲ್ಲಿ ಅವಳು ಒಡೆಸಿಕೊಂಡವಳೇ. ಯಾರ ಮದುವೆಯಲ್ಲೂ ಅಕ್ಷತೆಗೆ ಕರೆಯರು, ಯಾರ ಕೂಸನ್ನೂ ಕೈಗೆ ಕೊಡರು.

"ನಾ ಹೋಗತೀನಿ, ನೀ ಮನಿಗೆ ನಡಿ," ಅಂದೆ.

"ನೀ ಹೋಗಿ ಏನ್ ಹೇಳತೀ? ಅಪ್ಪ ಅದಾನ ಅಂತೀ. ದುಃಖಕ್ಕ ಹುಡುಗನ ತಲಿ ಕೆಟ್ಟೈತಿ ಅಂತಾರ. ನಾನೇ ಬರಬೇಕು." ಅಪ್ಪ ಆಗಲೇ ಹೊರಗೆ ಇಳಿದಿದ್ದ.

ಬಸ್ಸು ಇರಲಿಲ್ಲ. ಸಂಜೆಯ ಬಸ್ಸಿಗೆ ಕಾದರೆ ಮುಂಡರಗಿಯಲ್ಲೇ ಕತ್ತಲಾಗುತ್ತಿತ್ತು. ಖಾಲಿ ಚೀಲ ಹೇರಿಕೊಂಡು ಆ ಕಡೆ ಹೊರಟ ಒಂದು ಲಾರಿಗೆ ಕೈ ಮಾಡಿದೆ. ಡ್ರೈವರ್ ಸಂಗತಿ ಕೇಳಿ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದ.

"ಹತ್ರಿ ಯಜಮಾನ್ರ. ಸತ್ತವರ್ನ ಒಯ್ದದ್ದು ಐತಿ, ಸತ್ತವರು ತಾವೇ ಹತ್ತಿದ್ದು ಇಲ್ಲ."

ಡಂಬಳದ ಕೆರೆಯ ಹತ್ತಿರ ಇಂಜಿನ್ನು ಕಾದು ಹೊಗೆ ಬಿಟ್ಟಿತು. ಡ್ರೈವರ್ ಇಳಿದು ಡಬ್ಬಿ ಹುಡುಕಿದ, ಡಬ್ಬಿಯ ತಳ ತೂತಾಗಿತ್ತು. ನಾನು ನನ್ನ ಅಂಗಿ ಬಿಚ್ಚಿ ತೂತಿಗೆ ತುರುಕಿ ನೀರು ಹೊತ್ತೆ. ಬಿ.ಎ. ಆದವನು ಬರೀ ಬನಿಯನ್ನಿನಲ್ಲಿ ರಸ್ತೆಯ ಮೇಲೆ ಓಡಾಡುವುದನ್ನು ದನ ಕಾಯುವವರು ನಿಂತು ನೋಡಿದರು. ನೋಡಲಿ ಬಿಡು ಅನ್ನಿಸಿತು. ಬಿಸಿಲು ಆಗಲೇ ಹಳದಿ ತಿರುಗುತ್ತಿತ್ತು. ಇಡೀ ಬಾಲ್ಯ ನಾನು ಬಿಸಿಲು ಸರಿಯುವುದನ್ನು ನೋಡುತ್ತ ಕಳೆದವನು, ಎಷ್ಟು ಉಳಿದಿದೆ ಅನ್ನುವುದು ನನಗೆ ಗಡಿಯಾರವಿಲ್ಲದೆ ಗೊತ್ತಾಗುತ್ತದೆ. ಬಹಳ ಉಳಿದಿರಲಿಲ್ಲ.

ಮುಂಡರಗಿಯಲ್ಲಿ ಲಾರಿ ನಿಂತಿತು. ಮುಂದೆ ಹಮ್ಮಿಗಿಗೆ ಚಕ್ಕಡಿ ದಾರಿ. ಸೈಕಲ್ ಅಂಗಡಿಯವನು ಗುರುತು ಇಲ್ಲದವರಿಗೆ ಕೊಡುವುದಿಲ್ಲ ಅಂದ. ಡಿಗ್ರಿ ಸಿಕ್ಕಾಗ ಅಪ್ಪ ಕೊಡಿಸಿದ್ದ ಪೆನ್ನು ಪ್ಯಾಂಟಿನ ಜೇಬಿನಿಂದ ತೆಗೆದು ಅವನ ಮುಂದಿಟ್ಟೆ. ಅವನು ಅದರ ಮುಚ್ಚಳ ತೆಗೆದು ನೋಡಿ, "ತಂದು ಕೊಡ್ರಿ ಮತ್ತ," ಅಂತ ಸೈಕಲ್ ಬಿಟ್ಟ.

ಅಪ್ಪ ಹುಟ್ಟಿದಾಗಿನಿಂದ ಸೈಕಲ್ ಮೇಲೆ ಕೂತವನಲ್ಲ. ಹಿಂದಿನ ಕ್ಯಾರಿಯರ್ ಮೇಲೆ ಕೂತು ನನ್ನ ಸೊಂಟ ಹಿಡಿದ. ಕರಿ ಮಣ್ಣಿನ ಎರಿ ಹೊಲದ ದಾರಿ, ಗಾಲಿ ಜಾಡು ಬಿಟ್ಟರೆ ಬೀಳುವುದೇ. ಬಲಗಣ್ಣಿಗೆ ಬಿಸಿಲು ಹೊಡೆಯುತ್ತಿತ್ತು. ಜೋಳದ ಎಳೆ ಬೆಳೆಯ ಮೇಲೆ ನಮ್ಮ ನೆರಳು ಎಡಕ್ಕೆ ಉದ್ದವಾಗುತ್ತ ಹೋಯಿತು. ನಾನು ನೆರಳಿನ ಕಡೆ ನೋಡದಿರಲು ಯತ್ನಿಸಿದೆ.

"ನಿಮ್ಮವ್ವ ಈಗ ಏನ್ ಮಾಡತಿರಬೇಕು?" ಅಂದ ಅಪ್ಪ.

"ಸುಮ್ಮನ ಕೂಡು, ತೋಲ ತಪ್ಪತೈತಿ."

ಅವನು ನನ್ನ ಸೊಂಟ ಇನ್ನೂ ಬಿಗಿ ಹಿಡಿದ. "ಕೂಸಿಗೆ ಎರದು ಹೊಗಿ ಹಾಕೂ ಹೊತ್ತು ಇದು," ಅಂದ. "ಬಾಣಂತಿ ಖೋಲ್ಯಾಗ ಸಾವಿನ ಸುದ್ದಿ ಎತ್ತಂಗಿಲ್ಲ. ಹುಡುಗೀ ಎದಿ ಹಾಲು ಬತ್ತತಾವ. ಆಕೀ ಹೊರಗ ಬರೂತನಕ ಕಾಯತಾರ." ನನಗೆ ಹೇಳಿದನೋ ತನಗೆ ಹೇಳಿಕೊಂಡನೋ. ನಾನು ಇನ್ನೂ ಜೋರಾಗಿ ತುಳಿದೆ. ಎರಡು ಸಲ ಚೈನು ಕಳಚಿತು. ಎರಡನೇ ಸಲ ನನ್ನಿಂದ ಕೂಡಿಸಲಾಗಲಿಲ್ಲ. ಅಪ್ಪ ಬಗ್ಗಿ, ಕಡಿದ ಎಳೆ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಹಲ್ಲಿಗೆ ಕೂಡಿಸಿದ.

ಊರು ಮುಟ್ಟಿದಾಗ ಸೂರ್ಯ ಹೊಳೆಯ ಅಂಚಿಗೆ ಇಳಿದಿದ್ದ. ಊರ ಅಗಸಿ ಬಾಗಿಲಲ್ಲಿ ಕೂತ ಮುದುಕರು ನಮ್ಮನ್ನು ನೋಡಿ ಎದ್ದುಬಿಟ್ಟರು. ಒಬ್ಬ, "ಮುಂಬಾಗಲಿಂದ ಹೋಗಬ್ಯಾಡ್ರೋ! ಸತ್ತ ಸುದ್ದಿ ಬಂದವನು ಮನೀಗೆ ಹಂಗ ಹೋಗಬಾರದು!" ಅಂತ ಕೂಗಿದ. "ಹಿತ್ತಲಿಂದ ನಡಿ," ಅಂದ ಅಪ್ಪ. ಹೆಂಗಸರು ಕೂಡುವುದೂ ಹಿತ್ತಲಿನಲ್ಲೇ.

ಗೋಡೆ ಎದೆ ಮಟ್ಟದ್ದು. ಅದರ ಆಚೆ ಅಳುವಿನ ಸದ್ದು ಕೇಳಿತು. ನಾನು ಗೋಡೆಗೆ ಕೈ ಊರಿ ನೋಡಿದೆ. ಹೆಂಗಸರ ನಡುವೆ ಅವ್ವ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತಿದ್ದಳು. ಅಳುತ್ತಿರಲಿಲ್ಲ. ಎಡಗೈ ಬರಿದಾಗಿತ್ತು. ಕಲ್ಲಿನ ಸುತ್ತ ಹಸಿರು ಬಳೆಯ ಚೂರು. ಸೋದರತ್ತೆ ಅವಳ ಬಲಗೈ ಹಿಡಿದು ಕಲ್ಲಿನ ಮೇಲೆ ಇಡಿಸುತ್ತಿದ್ದಳು.

ನಾನು ಗೋಡೆ ಹತ್ತಲು ಕಾಲು ಎತ್ತಿದೆ. ಅಪ್ಪ ಕೂಗಲಿಲ್ಲ. ಅವ್ವನ ಹೆಸರು ಅವನು ಎಂದೂ ಕರೆದವನಲ್ಲ. ಮನೆಗೆ ಬಂದರೆ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದ, ಅವ್ವ ನೀರು ತರುತ್ತಿದ್ದಳು. ಅಷ್ಟೇ ಅವರ ಕರೆಯುವಿಕೆ. ಹಾಗೆಯೇ ಕೆಮ್ಮಿದ.

ಅವ್ವ ಕೈ ಕಿತ್ತುಕೊಂಡಳು.

ಆಮೇಲೆ ಹೆಂಗಸರು ಚೀರಿದರು, ಯಾರೋ ಓಡಿದರು, ಮಾವ ಒಳಗಿಂದ ಬಂದು ಬಾಗಿಲಲ್ಲೇ ಕುಸಿದ. ಅಪ್ಪ ಗೋಡೆಯ ಆಚೆ ಹಾಗೇ ನಿಂತಿದ್ದ. ಕಡೆಯ ಬಿಸಿಲು ಅಡ್ಡಲಾಗಿ ಬಂದು ಅವನ ಮುಖದ ಮೇಲೆ ಪೂರ್ತಿ ಬಿದ್ದಿತ್ತು. ಅವ್ವ ಎದ್ದು ಗೋಡೆಯ ತನಕ ನಡೆದು ಬಂದು ಆ ಮುಖ ನೋಡಿದಳು. ಎಷ್ಟೋ ಹೊತ್ತು ನೋಡಿದಳು.

"ನಾ ಹೇಳಿದೆ ಇವರಿಗೆ," ಅಂದಳು. "ನನಗ ಹೇಳದ ಸಂತಿಗೆ ಸೈತ ಹೋದವರಲ್ಲ ಅಂತ ಹೇಳಿದೆ. ಕೇಳಲಿಲ್ಲ."

ಆದರೆ ಎಡಗೈ ಬರಿದೇ ಇತ್ತು. ಸೋದರತ್ತೆ ಮೂಲೆಗೆ ಸರಿದು, "ತಪ್ಪಾತು ನನ್ನವ್ವಾ. ಖರೆ, ಒಡದ ಕೈ ಒಡದ ಕೈನೇ. ಏನ್ ಮಾಡೂದು ಈಗ?" ಅಂದಳು. ಯಾರೂ ದೀಪ ಹಚ್ಚಲು ಎದ್ದಿರಲಿಲ್ಲ. ಮಾವ ಬಳೆಗಾರನನ್ನು ಮನೆಯಿಂದ ಎಬ್ಬಿಸಿಕೊಂಡು ಬಂದ. ಬಳೆಗಾರ ಬಳೆಗಳ ಮಲಾರವನ್ನು ಹೆಗಲಿಂದ ಇಳಿಸಿದ, ಹಸಿರು ಬಳೆ ತೆಗೆದ, ಕಲ್ಲಿನ ಸುತ್ತ ಬಿದ್ದ ಚೂರು ನೋಡಿದ. ಕೈ ಹಿಂದಕ್ಕೆ ತೆಗೆದುಕೊಂಡ.

"ನಾ ಇಡಸಂಗಿಲ್ರಿ. ಸಿಟ್ಟಾಗಬ್ಯಾಡ್ರಿ. ನಾಳಿ ಊರಾಗ ಯಾವ ಮುತ್ತೈದಿ ನನ್ನ ಮುಂದ ಕೈ ಚಾಚತಾಳ?"

ನಾನು ಬಾಯಿ ತೆರೆದೆ. ಕಲಿತ ಪುಸ್ತಕದ ಮಾತೆಲ್ಲ ನಾಲಿಗೆಗೆ ಬಂತು. ಅಪ್ಪ ನನ್ನ ಭುಜ ಒತ್ತಿ ಕೂಡಿಸಿ, ತಾನು ಅವ್ವನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ.

"ಬಳಿ ಕೊಡು. ಕೈ ನಾ ಹಿಡೀತೀನಿ. ನಂದೇ ತಾನ ಒಡದದ್ದು?"

ಗಂಡಸು ಬಳೆ ಇಡಿಸುವುದನ್ನು ಆ ಊರು ಎಂದೂ ಕಂಡಿರಲಿಲ್ಲ. ಕೂಸಿನ ಎಣ್ಣೆ ಇನ್ನೂ ಅವ್ವನ ಕೈಯಲ್ಲಿತ್ತು, ಅದೇ ಅನುಕೂಲವಾಯಿತು. ಅಪ್ಪ ಅವಳ ಬೆರಳು ಒಟ್ಟುಗೂಡಿಸಿ ಒತ್ತಿದ.

"ಸಾವಕಾಶ. ನೂಲಲ್ಲ ಇದು," ಅಂದಳು ಅವ್ವ.

ಮೊದಲನೆಯ ಬಳೆ ಗೆಣ್ಣಿನ ಹತ್ತಿರ ಟಕ್ಕನೆ ಒಡೆಯಿತು. ಸೋದರತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪನ ಮುಖ ಬಿಳಿಚಿತು. ಗೋಡೆಯ ಆಚೆ ಸತ್ತವನಾಗಿ ನಿಂತಾಗಲೂ ನಾನು ಅವನನ್ನು ಹಾಗೆ ನೋಡಿರಲಿಲ್ಲ.

ಅವ್ವ ಮಾತ್ರ ಚೂರು ಕೊಡವಿದಳು. "ಜಾತ್ರ್ಯಾಗ ಇಡಸ್ಕೊಂಡ್ರೂ ಒಂದು ಒಡದೇ ಒಡೀತೈತಿ. ಇನ್ನೊಂದು ಕೊಡ್ರಿ. ಮತ್ತ ಯಾರರ ದೀಪಾ ಹಚ್ಚರೆವಾ, ಇವರಿಗೆ ಕಣ್ಣು ಕಾಣವೊಲ್ಲವು."

ಬಾಣಂತಿಯೇ, ಹೊರಗೆ ಬರಬಾರದವಳು, ಕೂಸನ್ನು ಕಂಕುಳಲ್ಲಿ ಹಿಡಿದು ಕಂದೀಲು ತಂದು ಇಟ್ಟಳು. ಅದರ ಬೆಳಕಿನಲ್ಲಿ ಎರಡನೆಯದು ಇಳಿಯಿತು. ಆಮೇಲೆ ಮೂರನೆಯದು. ಕಡೆಯ ಬಳೆ ಇಳಿದಾಗ ಅವ್ವ ಎರಡೂ ಕೈ ಚಾಚಿ ಬಾಣಂತಿಯ ಕಡೆ ನೋಡಿದಳು. ಆ ಹುಡುಗಿ ಒಂದು ಕ್ಷಣ ಸೋದರತ್ತೆಯ ಮುಖ ನೋಡಿದಳು. ಆಮೇಲೆ ಕೂಸನ್ನು ಅವ್ವನ ಕೈಗೆ ಹಾಕಿದಳು. ಬಳೆಗಾರ ಏನೂ ಅನ್ನದೆ ಮಲಾರ ಕಟ್ಟಿಕೊಂಡ.

ಊರು ಸುಮ್ಮನಾಗಲಿಲ್ಲ. ಮುಂದೆ ಕೆಲವು ಮದುವೆಗಳಲ್ಲಿ ಅವ್ವನನ್ನು ಹಿಂದಿನ ಸಾಲಿಗೆ ಕೂಡಿಸಿದರು. ಅವಳು ಮುಂದಿನ ಸಾಲಿಗೆ ಎದ್ದು ಬಂದು ಕೂತಳು. ಯಾರೂ ಎಬ್ಬಿಸಲಿಲ್ಲ.

ನನ್ನ ಪೆನ್ನು ನನಗೆ ಸಿಕ್ಕಿತು. ಬಹುಮಾನದ ಬೆಳ್ಳಿ ಪದಕವೂ ಸಿಕ್ಕಿತು. ಫೋಟೋ ಮನೆಗೆ ಬಂದ ದಿನ ಅವ್ವ ಮಾಲೆಯನ್ನು ತೆಗೆದು ದನಕ್ಕೆ ಹಾಕಿ, ಕರಿ ಕಟ್ಟನ್ನು ಬಿಚ್ಚಿಸಿ, ಅಪ್ಪನ ಮಗ್ಗದ ಹಳೆಯ ಹಲಗೆಯಲ್ಲಿ ಬೇರೆ ಕಟ್ಟು ಮಾಡಿಸಿದಳು. ಬೆಳಕಿಂಡಿಯ ಬಿಸಿಲು ಸರಿಯುತ್ತ ಹೋಗಿ ಮುಟ್ಟುವ ಗೋಡೆಗೆ ಅದನ್ನು ಹಾಕಿದೆವು. ಅದರ ಕೆಳಗೇ ಕೂತು ಅಪ್ಪ ಬಹಳ ವರ್ಷ ನೇಯ್ದ.

ಅವನು ಖರೆ ಖರೆ ಹೋದ ದಿನ ಅವ್ವ ಯಾರಿಗೂ ಹೇಳಿಸಿಕೊಳ್ಳಲಿಲ್ಲ. ತಾನೇ ಕಲ್ಲಿನ ಮುಂದೆ ಹೋಗಿ ಕೂತು ಎರಡೂ ಕೈ ಮುಂದೆ ಮಾಡಿದಳು. ಆದರೆ ನಾನು ಹೂವಿನ ಮಾಲೆ ತಂದು ಫೋಟೋದ ಕಡೆ ಹೋದಾಗ ತಡೆದಳು.

"ಅದಕ್ಕೊಮ್ಮಿ ಹಾಕಿ ನೋಡ್ಯಾರ. ಸಾಕು."

ಹಾಗಾಗಿ ಅದಕ್ಕೆ ಮಾಲೆ ಇಲ್ಲ. ಇತ್ತೀಚೆಗೆ ನೂಲಿನ ಲೆಕ್ಕಕ್ಕೆ ಅಂತ ಹೊಸಬನೊಬ್ಬ ಮನೆಗೆ ಬಂದಿದ್ದ. ಬಿಸಿಲು ಆಗ ಗೋಡೆಗೆ ಬಂದಿತ್ತು. ಅವನು ಫೋಟೋ ನೋಡಿ, ಮಾಲೆ ಇಲ್ಲದ್ದನ್ನು ನೋಡಿ, ಅವ್ವನ ಬರಿಗೈ ಗಮನಿಸದೆ, "ಯಜಮಾನ್ರು ಮನ್ಯಾಗಿಲ್ಲೇನ್ರಿ?" ಅಂತ ಕೇಳಿದ.

ಅವ್ವ ನೂಲಿನ ಕಂಡಿಕೆ ಸುತ್ತುವುದನ್ನು ನಿಲ್ಲಿಸಲಿಲ್ಲ. "ಅದಾರಲ್ಲ," ಅಂದಳು. "ಕುಂಡ್ರಿ."